ಶಾಲು ಯಾರಿಗೆ?

ನವಲಗುಂದ ತಾಲೂಕಿನ ನಮ್ಮ ಹೈಸ್ಕೂಲಿನ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಎರಡು ಸುದ್ದಿ ಬಂದವು: ಎಸ್ಸೆಸ್ಸೆಲ್ಸಿ ಪರೀಕ್ಷೆ-2ರ ಫಲಿತಾಂಶ, ಆಮೇಲೆ ಆಗಸ್ಟ್ 15ಕ್ಕೆ ಟಾಪರ್‌ಗಳಿಗೆ ಹಳೇ ವಿದ್ಯಾರ್ಥಿಗಳಿಂದ ಸನ್ಮಾನ. ದುಡ್ಡು ಬೆಂಗಳೂರಿನಲ್ಲಿ ಕೂತ ನಮ್ಮದು. ಹಾಗಾಗಿ ಸಲಹೆಗೂ ಬರವಿಲ್ಲ.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆಯಲ್ಲ, ಎರಡನೆಯದರಲ್ಲಿ ಪಾಸಾದವರಿಗೂ ಶಾಲು ಹೊದಿಸೋಣ ಅಂತ ಬರೆದೆ. ಮುಂಗಾರು ಬಿತ್ತನೆ ಹೊತ್ತಲ್ಲಿ, ಫೇಲಾದ ನೋವು ನುಂಗಿ ಮತ್ತೆ ಓದೋದು 625ಕ್ಕೆ 600 ತೆಗೆಯೋದಕ್ಕಿಂತ ಸಣ್ಣದಾ? ಲೈಕುಗಳ ಸುರಿಮಳೆ.

ರಾತ್ರಿ ಸರ್ ಫೋನು ಮಾಡಿದರು. "ತಮ್ಮಾ, ಆ ಹುಡುಗಿ ಫೇಲಾಗಿದ್ದು ಅವರ ಓಣಿಗಷ್ಟ ಗೊತ್ತೈತಿ. ಸ್ಟೇಜಿಗೆ ಕರದ್ರ ಊರಿಗೆಲ್ಲಾ ಗೊತ್ತಾಗತೈತಿ. ಆಕೀನ ಕೇಳೀ ಏನು?"

ಕೇಳಿರಲಿಲ್ಲ. ಮುಚ್ಚಿಟ್ಟರೆ ಫೇಲಾಗೋದು ಅವಮಾನ ಅಂತ ನಾವೂ ಒಪ್ಪಿದ ಹಾಗೆ, ನಿಜ. ಆದರೆ ಅದನ್ನು ಸುಳ್ಳು ಮಾಡಿ ತೋರಿಸುವ ಕೆಲಸ ಹದಿನಾರರ ಹುಡುಗಿಗೇ ಯಾಕೆ? ನಾನು ಪಿಯುಸಿ ಗಣಿತದಲ್ಲಿ ಫೇಲಾದದ್ದು ನನ್ನ ಆಫೀಸಿನಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹೇಳಿಲ್ಲ, ಅಷ್ಟೇ.

"ಹಂಗಾದ್ರ ಮೊದಲ ನನ್ನ ಕರೀರಿ ಸರ್, ನಂದು ಹೇಳ್ತೀನಿ."

ಸರ್ ನಕ್ಕರು. "ಬಾ. ಆಕೀನೂ ಕೇಳ್ತೀನಿ. ಒಲ್ಲೆ ಅಂದ್ರ ಬಿಡೋಣು."