ಅಪ್ಪನ ಸಾಲ, ಗಾಳಿಯ ಸಾಲ

ಸಹಿ ಹಾಕದವನು, ಸಹಿ ಬೀಳುವಾಗ ಹುಟ್ಟಿಯೇ ಇರದವನು ಸಾಲಕ್ಕೆ ಬಾಧ್ಯನೇ? ಸರ್ಕಾರಗಳು ದೀರ್ಘಾವಧಿಯ ಬಾಂಡು ಮಾರುವಾಗ ಈ ಪ್ರಶ್ನೆ ಏಳುವುದು ಅಪರೂಪ. ನಮ್ಮ ಧರ್ಮಶಾಸ್ತ್ರಕಾರರು ಮಾತ್ರ ಇದನ್ನು ಬಿಡದೆ ಜಗ್ಗಾಡಿದ್ದಾರೆ. ತಂದೆಯ ಸಾಲ ಮಗನ ಮೇಲೆ ಬರುತ್ತದೆ, ಆದರೆ ಕುಡಿತ, ಜೂಜು, ಕಾಮಕ್ಕೆ ಸುರಿದದ್ದಾಗಲಿ ಕಟ್ಟದೆ ಉಳಿದ ದಂಡವಾಗಲಿ ಬರುವುದಿಲ್ಲ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಅದಕ್ಕೆ ಮಿತಾಕ್ಷರ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವನು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದವನು. ಮೊಮ್ಮಗ ಅಸಲು ಕೊಟ್ಟರೆ ಸಾಕು, ಬಡ್ಡಿ ಬೇಡವೆಂಬುದು ಇನ್ನೊಬ್ಬ ಸ್ಮೃತಿಕಾರ ಬೃಹಸ್ಪತಿಯ ಮತ. ಹೊಣೆ ಪರಂಪರೆಯಿಂದ ಬರುವುದು ನಿಜ, ಆದರೆ ಸಾಲ ಏತಕ್ಕೆ ಆಯಿತೆಂದು ಕೇಳುವ ಹಕ್ಕೂ ಅದರೊಂದಿಗೇ ಬರುತ್ತದೆ.

ಈ ಪ್ರಶ್ನೆಯನ್ನು ಕೆರಿಬಿಯನ್ ಸಮುದ್ರದ ಗ್ರೆನಾಡಾಕ್ಕೆ ಒಯ್ದು ನೋಡಬೇಕು. ಒಂದು ಲಕ್ಷಕ್ಕೆ ತುಸು ಹೆಚ್ಚಿನ ಜನರ ಈ ದ್ವೀಪದೇಶ ಜಾಯಿಕಾಯಿಯನ್ನೂ ಪ್ರವಾಸಿಗರನ್ನೂ ನಂಬಿ ಬದುಕಿತ್ತು. 2004ರ ಸೆಪ್ಟೆಂಬರಿನಲ್ಲಿ ಇವಾನ್ ಚಂಡಮಾರುತ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳನ್ನು ಹಾಳುಗೆಡವಿತು. ನಷ್ಟ ದೇಶದ ವಾರ್ಷಿಕ ಉತ್ಪನ್ನದ ಎರಡು ಪಟ್ಟಿನಷ್ಟು ಎಂದು ಅಂದಾಜಾಯಿತು. ಜಾಯಿಕಾಯಿ ಸಸಿ ನೆಟ್ಟರೆ ಫಲಕ್ಕೆ ಏಳೆಂಟು ವರ್ಷ ಕಾಯಬೇಕು, ಬಡ್ಡಿ ಕಾಯುವುದಿಲ್ಲ. 2005ರಲ್ಲಿ ಸಾಲ ಕೊಟ್ಟವರು ಅವಧಿ ಮುಂದೂಡಿದರು, ಅಸಲನ್ನು ಮುಟ್ಟಲಿಲ್ಲ, ಬಡ್ಡಿ ವರ್ಷ ಕಳೆದಂತೆ ಏರುವ ಹಾಗೆ ಬರೆಸಿಕೊಂಡರು. 2013ರಲ್ಲಿ ದೇಶ ಮತ್ತೆ ಕೈಚೆಲ್ಲಿತು. ಆಗ ಅಲ್ಲಿನ ಚರ್ಚುಗಳ ಒಕ್ಕೂಟ ಸಾಲ ಇಳಿಸಬೇಕೆಂದು ಬೈಬಲ್ಲಿನ ಜೂಬಿಲಿಯ ಹೆಸರೆತ್ತಿತು. ಐವತ್ತನೆಯ ವರ್ಷ ಬಂದರೆ ಮಾರಿಹೋದ ಹೊಲ ಮನೆತನಕ್ಕೆ ಮರಳಬೇಕು, ಜೀತಕ್ಕೆ ಬಿದ್ದವನು ಬಿಡುಗಡೆಯಾಗಬೇಕು ಎನ್ನುತ್ತದೆ ಯಾಜಕಕಾಂಡ. 2015ರ ಒಪ್ಪಂದದಲ್ಲಿ ಬಾಂಡಿನ ಅಸಲು ಎರಡು ಹಂತದಲ್ಲಿ ಅರ್ಧಕ್ಕಿಳಿಯಿತು. ದೊಡ್ಡ ಚಂಡಮಾರುತ ಬಡಿದರೆ ಕಂತು ಮುಂದೂಡಬಹುದೆಂಬ ಷರತ್ತೂ ಸೇರಿತು. ಜೂಬಿಲಿ ಪಂಚಾಂಗ ನೋಡುತ್ತದೆ, ಈ ಷರತ್ತು ಕಾರಣ ನೋಡುತ್ತದೆ. ಕೇಳಿದ್ದು ಬೈಬಲ್ಲಿನ ಮೋಶೆಯ ಧರ್ಮವಾದರೂ ಸಿಕ್ಕಿದ್ದನ್ನು ವಿಜ್ಞಾನೇಶ್ವರ ಹೆಚ್ಚು ಮೆಚ್ಚುತ್ತಿದ್ದನೇನೋ.

ಗಟ್ಟಿಯಾದ ಆಕ್ಷೇಪವೂ ಇದೆ. ಇವಾನ್ ಬರುವ ಮುನ್ನವೇ ಗ್ರೆನಾಡಾದ ಸಾಲ ಬೆಳೆದಿತ್ತು. ಅದನ್ನೆಲ್ಲ ಗಾಳಿಯ ಲೆಕ್ಕಕ್ಕೆ ಬರೆಯಬಹುದೇ? ಬರೆಯಬಾರದು. ರಸ್ತೆ, ಬಂದರಿಗೆ ಮಾಡಿದ ಸಾಲವನ್ನು ಅವನ್ನು ಬಳಸುವ ಮೊಮ್ಮಕ್ಕಳು ತೀರಿಸುವುದೇ ನ್ಯಾಯ. ದುಂದಿನ ಸಾಲದಲ್ಲಿ ಸ್ಮೃತಿ ಮಗನ ಪರ ನಿಲ್ಲುತ್ತದೆ. ನಾನು ಅಷ್ಟು ಉದಾರಿಯಲ್ಲ, ಏಕೆಂದರೆ ಮಗ ಅಪ್ಪನನ್ನು ಆರಿಸಿಕೊಳ್ಳುವುದಿಲ್ಲ, ಪ್ರಜೆ ಸರ್ಕಾರವನ್ನು ಆರಿಸುತ್ತಾನೆ. ಆದರೆ ಗಾಳಿಗೆ ಯಾರೂ ಮತ ಹಾಕಿಲ್ಲ. ನಂಬಿ ಇಟ್ಟ ಒಡವೆಯನ್ನು ರಾಜನೋ ದೈವವೋ ಕಳ್ಳನೋ ಒಯ್ದರೆ ಇಟ್ಟುಕೊಂಡವನು ತೆರಬೇಕಿಲ್ಲ ಎಂದು ಯಾಜ್ಞವಲ್ಕ್ಯ ಹೇಳಿದ್ದಾನೆ. ಅದು ನಿಕ್ಷೇಪದ ಮಾತು, ಸಾಲದ್ದಲ್ಲ, ಒಪ್ಪೋಣ. ಆದರೂ ದೈವ ಮಾಡಿದ ನಷ್ಟವನ್ನು ತಪ್ಪಿಲ್ಲದ ಒಬ್ಬನ ತಲೆಗೇ ಕಟ್ಟಬಾರದೆಂಬ ವಿವೇಕ ಅಲ್ಲಿದೆ. ಹಾಗಾದರೆ ಸಾಲ ಕೊಟ್ಟವರ ತಪ್ಪೇನು, ಅವರ ಹಣವೂ ಯಾರದೋ ಪಿಂಚಣಿಯಲ್ಲವೇ ಎನ್ನಬಹುದು. ಇರಬಹುದು. ಆದರೆ ಇಂಥ ದೇಶಗಳಿಗೆ ಹೆಚ್ಚಿನ ಬಡ್ಡಿ ಹಾಕುವುದೇ ಅಪಾಯದ ಹೆಸರಿನಲ್ಲಿ. ಅಪಾಯ ಎರಗಿದ ದಿನ ತಮಗೆ ಅದರ ಪಾಲು ಬೇಡವೆಂದರೆ ಆ ಬಡ್ಡಿಗೆ ಸಮರ್ಥನೆಯೇ ಉಳಿಯುವುದಿಲ್ಲ.

2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಾಡಾದ ಕ್ಯಾರಿಯಾಕೂ ದ್ವೀಪವನ್ನು ಧ್ವಂಸ ಮಾಡಿದಾಗ ಸರ್ಕಾರ ಕಂತು ಮುಂದೂಡುವ ಆ ಷರತ್ತನ್ನು ಬಳಸಿಕೊಂಡಿತು. ಮುಂದೂಡಿದ ಹಣ ಮನ್ನಾ ಆಗಿಲ್ಲ, ದೇಶ ಅದನ್ನು ತೀರಿಸಲೇಬೇಕು. ಸಾಲ ಕೊಟ್ಟವರು ಮೋಸಹೋದರೆಂಬ ದೂರಿಗೆ ಇಲ್ಲಿ ಆಧಾರವಿಲ್ಲ.