ಕಲಿಯುವ ಕೈಯ ಋಣ

ಶಸ್ತ್ರವೈದ್ಯನ ಕೈ ಪಳಗಬೇಕಾದರೆ ಮೊದಲು ಯಾರಾದರೊಬ್ಬರು ಅದಕ್ಕೆ ಮೈಯೊಡ್ಡಬೇಕು. ಆ ಮೈ ಯಾರದಾಗಬೇಕು?

ಒಂದೇ ಮಾಸನ್ನು ಹಂಚಿಕೊಂಡ ಅವಳಿಗಳಲ್ಲಿ ಕೆಲವೊಮ್ಮೆ ಒಂದರ ರಕ್ತ ಮತ್ತೊಂದಕ್ಕೆ ಹರಿದು, ಎರಡೂ ಅಪಾಯಕ್ಕೊಳಗಾಗುತ್ತವೆ. ಆಗ ಎರಡು ಮೂರು ಮಿಲಿಮೀಟರ್ ದಪ್ಪದ ನಳಿಗೆಯನ್ನು ಗರ್ಭಕೋಶದೊಳಗೆ ತೂರಿಸಿ, ಮಾಸಿನ ಮೇಲೆ ಕೂಡಿಕೊಂಡಿರುವ ರಕ್ತನಾಳಗಳನ್ನು ಲೇಸರಿನಿಂದ ಮುಚ್ಚುತ್ತಾರೆ. 2004ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ, ಒಂದು ಮಗುವಾದರೂ 28 ದಿನ ದಾಟಿದ್ದು ಲೇಸರ್ ಚಿಕಿತ್ಸೆಯಲ್ಲಿ ಶೇಕಡಾ 76, ಗರ್ಭದ ನೀರು ತೆಗೆಯುವ ಕ್ರಮದಲ್ಲಿ ಶೇಕಡಾ 56.

ಇಲ್ಲಿರುವುದು ಮೂರು ಜೀವ. ಬೇನೆ ಶಿಶುಗಳದು, ಚುಚ್ಚುವುದು ತಾಯಿಯ ಮೈಯನ್ನು. ಪೊರೆ ಒಡೆದು ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯವೂ ಉಂಟು. ಇಂಥ ಪ್ರಸಂಗಗಳು ಅಪರೂಪವಾದ್ದರಿಂದ ನೋಡಿ ಕಲಿಯುವ ಅವಕಾಶವೂ ಕಡಿಮೆ. ಆದುದರಿಂದಲೇ ಸಿಲಿಕೋನಿನ ಗರ್ಭಕೋಶದ ಮೇಲೆ, ಹೆರಿಗೆಯ ಬಳಿಕ ದೊರೆತ ಮಾಸಿನ ಮೇಲೆ ಅಭ್ಯಾಸ ಮಾಡಿಸುತ್ತಾರೆ. ನಮ್ಮ ಹಿರಿಯರು ಹಿತ್ತಲಲ್ಲಿ ಹೂಳುತ್ತಿದ್ದ ಮಾಸು ಹೀಗೆ ಪಾಠವಾಗಿದೆ.

ಆದರೆ ಸಿಲಿಕೋನಿಗೆ ನೋವಿಲ್ಲ, ಭಯವಿಲ್ಲ. ಎಷ್ಟು ಅಭ್ಯಾಸ ಮಾಡಿದರೂ ಆ ಕೈಗೆ ಮೊದಲ ತಾಯಿ ಎಂಬವಳೊಬ್ಬಳು ಇದ್ದೇ ಇರುತ್ತಾಳೆ. ಕಲಿಕೆಯ ಲಾಭ ಮುಂದೆ ಬರುವ ತಾಯಂದಿರಿಗೆ, ಅಪಾಯ ಇವಳಿಗೆ. ನಿಜ ಹೇಳಿದರೆ ಯಾರೂ ಒಪ್ಪಲಾರರೆಂದು ಕೆಲವರು ವಾದಿಸಬಹುದು. ಅಡಗಿಸಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. "ಯಾರ ಕೈ?" ಎಂದು ಅವಳು ಕೇಳುವ ಮೊದಲೇ ತಿಳಿಸಬೇಕು, ಪಳಗಿದ ವೈದ್ಯರು ಪಕ್ಕದಲ್ಲಿ ನಿಂತಿರಬೇಕು.

ಅವಳಿಲ್ಲದೆ ಕಲಿಯಬಹುದಾದುದನ್ನೆಲ್ಲ ಕಲಿತೇ ಅವಳ ಬಳಿಗೆ ಹೋಗಬೇಕು. ಉಳಿದುದನ್ನು ಕಲಿಸುವವಳು ಅವಳೇ. ಆ ಋಣ ವೈದ್ಯನಿಗೆ ನೆನಪಿರಲಿ.