ಮೇ ತಿಂಗಳಲ್ಲಿ ಬಿಚ್ಚಬೇಕಾದ ಗೇರ್‌ಬಾಕ್ಸ್

ಕಾರದಗಾ–ಭೋಜ, ಕುನ್ನೂರ–ಭೋಜವಾಡಿ, ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ, ಮಲಿಕವಾಡ–ದತ್ತವಾಡ, ಕಲ್ಲೋಳ–ಯಡೂರ. ಜುಲೈ ಬಂತೆಂದರೆ ಈ ಜೋಡಿ ಹೆಸರುಗಳು ಬೆಳಗಾವಿ ಆವೃತ್ತಿಯ ಪುಟಗಳಲ್ಲಿ ಕಾಣಿಸಿಕೊಳ್ಳುತ್ತವೆ. ಎಲ್ಲವೂ ಕೆಳಮಟ್ಟದ ಸೇತುವೆಗಳು. ಸಹ್ಯಾದ್ರಿಯಲ್ಲಿ ಮಳೆ ಹಿಡಿದು, ಕಾಳಮ್ಮವಾಡಿ, ಪಾಟಗಾಂವ ಜಲಾಶಯಗಳಿಂದ ನೀರು ಹೊರಬಿದ್ದರೆ ದೂಧಗಂಗಾ, ವೇದಗಂಗಾ ಎರಡೂ ಏರುತ್ತವೆ. ಅತ್ತ ಕೃಷ್ಣೆಯೂ ತುಂಬಿದ್ದರೆ ಒಳಬರುವ ನೀರನ್ನು ಆಕೆ ಬೇಗ ತೆಗೆದುಕೊಳ್ಳುವುದಿಲ್ಲ. ಆಗ ದೂಧಗಂಗೆ ಹಿಂದಕ್ಕೆ ನಿಂತು ಕಬ್ಬಿನ ಗದ್ದೆಗಳ ಮೇಲೆ ಹರಡುತ್ತಾಳೆ. ಬೋರಗಾಂವ ಇರುವುದು ಈ ಹೊಳೆಯ ಮಗ್ಗುಲಲ್ಲಿ. 2005, 2019, 2021 — ಈ ಮೂರು ಇಸವಿಗಳನ್ನು ಇಲ್ಲಿ ಯಾರಿಗೂ ನೆನಪಿಸಬೇಕಾಗಿಲ್ಲ. 2019ರಲ್ಲೂ 2021ರಲ್ಲೂ ಯಮಗರ್ಣಿ ಬಳಿ ವೇದಗಂಗೆ ಪುಣೆ–ಬೆಂಗಳೂರು ಹೆದ್ದಾರಿಯನ್ನೇ ಮುಚ್ಚಿಸಿದಳು.

ರಸ್ತೆ ಹೋದ ಮೇಲೆ ಉಳಿಯುವುದು ದೋಣಿ. ಹಿಂದೆ ಅದೂ ಇಲ್ಲದ ಕಡೆ ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಕೂತು ನೆರೆ ದಾಟಿದವರಿದ್ದಾರೆ. ಅದಕ್ಕೂ ಹಿಂದಿನ ಕಥೆ ಭೋಜದ್ದು. 1872ರಲ್ಲಿ ಹುಟ್ಟಿದ ಸಾತಗೌಡರು, ಮುಂದೆ ಆಚಾರ್ಯ ಶಾಂತಿಸಾಗರರಾದವರು, ಇನ್ನೂ ಸಂಸಾರದಲ್ಲಿದ್ದಾಗ ಆದಿಸಾಗರ ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರೆಂದು ಶ್ರಾವಕರು ಇಂದಿಗೂ ಹೇಳುತ್ತಾರೆ. ಈಗ ಆ ಹೆಗಲಿನ ಕೆಲಸವನ್ನು ಅಗ್ನಿಶಾಮಕ ದಳದ, ವಿಪತ್ತು ಪಡೆಗಳ ರಬ್ಬರ್ ದೋಣಿಗಳು ಮಾಡುತ್ತಿವೆ. ಆ ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರಿನ ಬಗ್ಗೆ, ಅದರಲ್ಲೂ ನೀರಿನಲ್ಲಿ ಮುಳುಗಿರುವ ಕೆಳಭಾಗದ ಬಗ್ಗೆ ಇಂದು ಬರೆಯಬೇಕೆನಿಸಿತು. ಯಾಕೆಂದರೆ ಅದನ್ನು ನೋಡಿಕೊಳ್ಳುವ ಕಾಲ ಬೇಸಿಗೆ. ಬೇಸಿಗೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೋಟಾರಿನ ತಲೆಯಲ್ಲಿರುವುದು ಎಂಜಿನ್. ಬೈಕ್ ಬಿಚ್ಚಿದ ಹುಡುಗನಿಗೆ ಪ್ಲಗ್, ಕಾರ್ಬ್ಯುರೇಟರ್ ಹೊಸದಲ್ಲ. ಕಷ್ಟ ಕೊಡುವುದು ಕೆಳಗಿನ ತುದಿ. ಕಂಪನಿಯ ಪುಸ್ತಕದಲ್ಲಿ ಲೋವರ್ ಯೂನಿಟ್, ಬಾಯಿಮಾತಿನಲ್ಲಿ ಬರೀ ಗೇರ್‌ಬಾಕ್ಸ್. ಎಂಜಿನ್‌ನಿಂದ ನೇರ ಕೆಳಗಿಳಿದ ಶಾಫ್ಟಿನ ತುದಿಗೆ ಒಂದು ಸಣ್ಣ ಪಿನಿಯನ್. ಅದಕ್ಕೆ ಹಿಂದೊಂದು ಮುಂದೊಂದು ಗೇರ್ ಕಚ್ಚಿಕೊಂಡು, ಒಂದು ಅತ್ತ, ಇನ್ನೊಂದು ಇತ್ತ ತಿರುಗುತ್ತಲೇ ಇರುತ್ತವೆ. ನಡುವೆ ಸರಿದಾಡುವ ಹಲ್ಲಿನ ಕ್ಲಚ್ ಯಾವುದಕ್ಕೆ ಸಿಕ್ಕಿಕೊಳ್ಳುತ್ತದೋ ದೋಣಿಯನ್ನು ತಳ್ಳುವ ಫ್ಯಾನು ಆ ಕಡೆಗೆ ತಿರುಗುತ್ತದೆ. ಇಷ್ಟೂ ಅಲ್ಯೂಮಿನಿಯಂ ಗೂಡಿನೊಳಗೆ ಎಣ್ಣೆಯಲ್ಲಿ ಮುಳುಗಿದೆ. ಗೂಡಿನ ಮೇಲೆ ರಬ್ಬರ್ ರೆಕ್ಕೆಗಳ ಇಂಪೆಲ್ಲರ್ ಇರುವ ನೀರಿನ ಪಂಪು. ಹೊಳೆಯ ನೀರನ್ನೇ ಎಳೆದು ಎಂಜಿನ್ ತಂಪು ಮಾಡುವುದು ಅದರ ಕೆಲಸ. ಒಳಗಿನ ಎಣ್ಣೆಯನ್ನೂ ಹೊರಗಿನ ಹೊಳೆಯನ್ನೂ ಬೇರೆಬೇರೆ ಇಟ್ಟಿರುವುದು ಕೆಲವೇ ಆಯಿಲ್ ಸೀಲ್‌ಗಳು, ಓ–ರಿಂಗುಗಳು.

ನೆರೆಯ ನೀರು ಈ ಸೀಲ್‌ಗಳಿಗೆ ಸಮುದ್ರಕ್ಕಿಂತ ಕೆಟ್ಟದ್ದು. ಅದು ನೀರಿಗಿಂತ ಹೆಚ್ಚಾಗಿ ಕೆಸರು. ದೋಣಿ ಸಾಗುವುದೂ ಹೊಳೆಯ ಮೇಲಲ್ಲ. ಗದ್ದೆ, ಬೇಲಿ, ಬಾವಿಕಟ್ಟೆ, ಗುಡಿಯ ಮೆಟ್ಟಿಲುಗಳ ಮೇಲೆ. ಹನಿ ನೀರಾವರಿಯ ಪೈಪು, ಬಾಳೆ ಕಟ್ಟಿದ ಪ್ಲಾಸ್ಟಿಕ್ ಹಗ್ಗ, ತೇಲಿಬಂದ ಸೀರೆ, ಎಲ್ಲವೂ ಫ್ಯಾನಿಗೆ ಸುತ್ತಿಕೊಳ್ಳುತ್ತವೆ. ಮೇಲೆ ಕಂಡದ್ದನ್ನು ಕತ್ತರಿಸಿ ಎಸೆದು ದೋಣಿ ಮುಂದೆ ಹೋಗುತ್ತದೆ. ಫ್ಯಾನಿನ ಹಿಂದೆ, ಶಾಫ್ಟಿನ ಬುಡದಲ್ಲಿ ಬಿಗಿದುಕೊಂಡ ಎಳೆ ಅಲ್ಲೇ ಉಳಿದು, ತಿರುಗಿದಷ್ಟೂ ಸೀಲ್‌ನ ತುಟಿಯನ್ನು ಕೊಯ್ಯುತ್ತದೆ. ಇಂಪೆಲ್ಲರಿನ ರಬ್ಬರನ್ನು ಮರಳು ತಿನ್ನುತ್ತದೆ. ಮೋಟಾರು ಆ ದಿನ ನಿಲ್ಲುವುದಿಲ್ಲ. ಕೆಲಸ ಮುಗಿಸಿ, ತೊಳೆಸಿಕೊಂಡು, ಗೋದಾಮು ಸೇರುತ್ತದೆ. ಒಳಗೆ ಹೊಕ್ಕ ನೀರು ಗೇರಿನ ಹಲ್ಲು, ಬೇರಿಂಗಿನ ಗುಂಡುಗಳ ಮೇಲೆ ತುಕ್ಕು ಹಿಡಿಸುತ್ತ ಕೂರುತ್ತದೆ. ಮುಂದಿನ ನೆರೆಗೆ ಹತ್ತಿಸಿ, ಹಗ್ಗ ಎಳೆದು, ಗೇರ್ ಹಾಕಿದಾಗಲೇ ಅದರ ಕರಕರ ಕೇಳುವುದು.

ಇದನ್ನು ಮೊದಲೇ ಕಂಡುಕೊಳ್ಳಲು ದೊಡ್ಡ ವಿದ್ಯೆ ಬೇಡ. ಮೋಟಾರನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಗೇರ್‌ಬಾಕ್ಸಿನ ಕೆಳಗಿನ ತಿರುಪು ಸಡಿಲಿಸಬೇಕು. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಸೇರಿರುತ್ತದೆ. ಮೊದಲು ನೀರು ಬಂದು ಆಮೇಲೆ ಎಣ್ಣೆ ಬಂದರೆ ಸೀಲ್ ಹೋಗಿದೆ. ಎಣ್ಣೆಯೇ ಹಾಲು ಹಾಕಿದ ಚಹಾದಂತೆ ಬಂದರೆ ನೀರು ಬೆರೆತು ಓಡಿದೆ ಎಂದರ್ಥ. ಕಪ್ಪಗೆ, ತೆಳ್ಳಗೆ ಬಂದರೆ ಅದು ಬರೀ ಹಳೆಯ ಎಣ್ಣೆ, ಬದಲಿಸಿದರೆ ಸಾಕು. ತಿರುಪಿನ ಅಯಸ್ಕಾಂತಕ್ಕೆ ಮೆತ್ತಿದ ಬೂದುಬಣ್ಣದ ನುಣ್ಣನೆಯ ಪುಡಿಗೆ ಹೆದರಬೇಕಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅದು ಹಲ್ಲಿನ ತುಂಡು.

ಎಂಜಿನ್ ಜೋರಾಗಿ ಕೂಗಿ ದೋಣಿ ಮಾತ್ರ ನಿಂತಲ್ಲೇ ನಿಂತರೆ ತಕ್ಷಣ ಗೇರ್ ಹೋಯಿತು ಎನ್ನುವವರೇ ಹೆಚ್ಚು. ಎಷ್ಟೋ ಸಲ ತಪ್ಪು ಗೇರಿನದಲ್ಲ. ಸಣ್ಣ ಮೋಟಾರುಗಳಲ್ಲಿ ಫ್ಯಾನನ್ನು ಹಿಡಿದಿರುವ ಪಿನ್ನು ತುಂಡಾಗಿರುತ್ತದೆ. ಗೇರು ಉಳಿಯಲೆಂದೇ ಅದು ತುಂಡಾಗುವುದು, ಅದರ ಬೆಲೆ ಏನೇನೂ ಅಲ್ಲ. ದೊಡ್ಡವುಗಳಲ್ಲಿ ಫ್ಯಾನಿನ ನಡುವಿನ ರಬ್ಬರ್ ಬುಷ್ ಜಾರುತ್ತಿರುತ್ತದೆ. ಬುಷ್‌ನಿಂದ ಫ್ಯಾನಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದು ಓಡಿಸಿ ನೋಡಿದರೆ ಸಾಕು, ಗೆರೆ ಎರಡಾದರೆ ಕಳ್ಳ ಸಿಕ್ಕಿದ. ಇಡೀ ಲೋವರ್ ಯೂನಿಟ್ಟಿಗೆ ಬೇಡಿಕೆ ಬರೆಯುವ ಮೊದಲು ಈ ಗೆರೆ ಎಳೆಯಬೇಕು.

ರಿಪೇರಿ ಎಲ್ಲಿ ಮಾಡಿಸಬೇಕು? ದೋಣಿ ಮೋಟಾರಿನ ಮಿಸ್ತ್ರಿಗಳು ಮಲ್ಪೆ, ಗಂಗೊಳ್ಳಿ, ಕಾರವಾರದಲ್ಲಿದ್ದಾರೆ, ನಮ್ಮಲ್ಲೆಲ್ಲಿ ಎನ್ನುವುದು ಸಾಮಾನ್ಯ ಉತ್ತರ. ನಾನು ಒಪ್ಪುವುದಿಲ್ಲ. ದೂಧಗಂಗೆಯ ದಂಡೆಯುದ್ದಕ್ಕೂ ಹೊಲಗಳಿಗೆ ನೀರೆತ್ತುವ ಪಂಪುಗಳಿವೆ. ಹೊಳೆ ಏರಿತೆಂದರೆ ರೈತರು ಮೊದಲು ಓಡುವುದು ಆ ಮೋಟಾರುಗಳನ್ನು ದಂಡೆಗೆ ಎಳೆಯಲು. ಮುಳುಗಿದ್ದನ್ನು ಒಣಗಿಸಿ, ಬೇರಿಂಗ್ ಹೊಡೆದು ಕೂರಿಸಿ, ಸೀಲ್ ಬದಲಿಸಿ ಮತ್ತೆ ಓಡಿಸುವ ಮಿಸ್ತ್ರಿಗಳು ಇಲ್ಲಿನ ಊರೂರಲ್ಲಿದ್ದಾರೆ. ಸೀಲ್, ಶಾಫ್ಟು, ಇಂಪೆಲ್ಲರು ಅವರಿಗೆ ದಿನದ ಅನ್ನ. ಹತ್ತಿರದಲ್ಲೇ ಮಗ್ಗಗಳ ಇಚಲಕರಂಜಿ, ಅದರಾಚೆ ಆಯಿಲ್ ಎಂಜಿನ್ನುಗಳನ್ನೇ ಎರಕ ಹೊಯ್ದು ಕಟ್ಟಿದ ಕೊಲ್ಹಾಪುರದ ಉದ್ಯಮನಗರ. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋಗಿ ನೇಗಿಲು, ಪಂಪು ಮಾಡಿದ ಸೀಮೆ ಇದು. ಇಂಥ ನೆಲದಲ್ಲಿ ಎರಡು ಸೀಲ್ ಹಾಕುವವರಿಲ್ಲ ಎನ್ನುವುದು ಕೆಲಸಗಾರರಿಗೆ ಮಾಡುವ ಅನ್ಯಾಯ.

ಮಿಸ್ತ್ರಿಗೆ ಹೇಳಬೇಕಾದ ಒಂದೆರಡು ಮಾತು ಮಾತ್ರ ಇವೆ. ಫ್ಯಾನಿನ ಶಾಫ್ಟಿಗೆ ಸಾಮಾನ್ಯವಾಗಿ ಎರಡು ಸೀಲ್, ಬೆನ್ನಿಗೆ ಬೆನ್ನು: ಒಂದರ ತುಟಿ ಒಳಮುಖ, ಎಣ್ಣೆ ಹೋಗದಂತೆ, ಇನ್ನೊಂದರದು ಹೊರಮುಖ, ನೀರು ಬಾರದಂತೆ. ಪಂಪಿನ ಅಭ್ಯಾಸದಲ್ಲಿ ಎರಡನ್ನೂ ಒಂದೇ ಕಡೆ ತಿರುಗಿಸಿ ಹಾಕಿದರೆ ಹೊಸ ಸೀಲ್ ಇದ್ದೂ ನೀರು ಬರುತ್ತದೆ. ಹಳೆಯ ತುಟಿ ಉಜ್ಜಿ ಶಾಫ್ಟಿನ ಮೇಲೆ ಗೀರು ಬಿದ್ದಿದ್ದರೆ ಹೊಸದನ್ನು ಕೂದಲೆಳೆಯಷ್ಟು ಆಚೀಚೆ ಕೂರಿಸಬೇಕು. ಮುಚ್ಚಿದ ಮೇಲೆ ಎಣ್ಣೆ ತುಂಬುವ ಮೊದಲು ಸಣ್ಣ ಕೈಪಂಪಿನಿಂದ ಗಾಳಿ ಹಿಡಿಸಿ, ಸಾಬೂನು ನೀರು ಸವರಿ, ಗುಳ್ಳೆ ಏಳುತ್ತದೆಯೇ ನೋಡಬೇಕು. ಎಣ್ಣೆಯನ್ನು ತುಂಬುವುದು ಮೇಲಿನಿಂದಲ್ಲ, ಕೆಳಗಿನ ತೂತಿನಿಂದ. ಮೇಲಿನ ತೂತಿನಲ್ಲಿ ಉಕ್ಕುವವರೆಗೆ. ಮೊದಲು ಮೇಲಿನದನ್ನು ಮುಚ್ಚಿ ಆಮೇಲೆ ಕೆಳಗಿನದು. ಇಂಪೆಲ್ಲರನ್ನು ಚೆನ್ನಾಗಿ ಕಂಡರೂ ಬದಲಿಸಿಬಿಡಿ. ವರ್ಷಗಟ್ಟಲೆ ಬಗ್ಗಿ ಕೂತ ರಬ್ಬರ್ ಬಗ್ಗಿಯೇ ಉಳಿದಿರುತ್ತದೆ.

ಗೇರಿನ ಹಲ್ಲೇ ಮುರಿದಿದ್ದರೆ ಊರಿನ ಲೇಥಿಗೆ ಒಯ್ಯಬೇಡಿ. ಓರೆ ಹಲ್ಲಿನ ಗೇರು ಕಡೆಯುವುದು, ಕಡೆದದ್ದಕ್ಕೆ ಸರಿಯಾದ ಗಡಸು ಕೊಡುವುದು, ಹಲ್ಲು ಹಲ್ಲಿನ ನಡುವಿನ ಸಂದನ್ನು ತೆಳ್ಳನೆಯ ಶಿಮ್ಮುಗಳಿಂದ ಹೊಂದಿಸುವುದು, ಎಲ್ಲ ಸೇರಿ ಖರ್ಚು ಹೊಸ ಯೂನಿಟ್ಟಿನ ಹತ್ತಿರ ಹೋಗುತ್ತದೆ. ಭರವಸೆ ಮಾತ್ರ ಅಷ್ಟಿರುವುದಿಲ್ಲ. ಅಲ್ಲಿ ಇಡೀ ಯೂನಿಟ್ ಬದಲಿಸುವುದೇ ಸರಿ.

ಬದಲಿ ಹುಡುಕುವಾಗ ಕರಾವಳಿಯ ಹಳೆ ಸಾಮಾನು ಅಗ್ಗವಾಗಿ ಕಾಣುತ್ತದೆ. ಕಣ್ಣಿಟ್ಟು ನೋಡಬೇಕು. ಉಪ್ಪುನೀರಿನಲ್ಲಿ ಓಡಿದ ಅಲ್ಯೂಮಿನಿಯಂ ಗೂಡಿಗೆ ಉಕ್ಕಿನ ಬೋಲ್ಟುಗಳು ಹಿಡಿದುಕೊಂಡಿರುತ್ತವೆ. ಬಿಚ್ಚಲು ಹೋದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ. ನಮ್ಮ ಸಿಹಿನೀರಿನ ಹಳೆಯ ಮೋಟಾರು ಆ ಮಟ್ಟಿಗೆ ಪುಣ್ಯವಂತ: ಒಳಗೆ ಸೀಲ್ ಹೋಗಿದ್ದರೂ ಗೂಡು ಗಟ್ಟಿಯಾಗಿರುವುದೇ ಹೆಚ್ಚು, ಅದನ್ನು ಗುಜರಿಗೆ ಹಾಕುವ ಮೊದಲು ಎರಡು ಸಲ ಯೋಚಿಸಬೇಕು. ಶಾಫ್ಟಿನ ಉದ್ದ, 15 ಇಂಚೋ 20 ಇಂಚೋ, ತಾಳೆಯಾಗಬೇಕು. ಗೇರಿನ ಅನುಪಾತ, ಶಾಫ್ಟಿನ ತುದಿಯ ಹಲ್ಲುಗಳ ಎಣಿಕೆ ಕೂಡಿಬರಬೇಕು. ಹೊರಗಿನ ಗೂಡು ಒಂದೇ ಥರ ಕಂಡಿತೆಂದು ಹಣ ಕೊಟ್ಟುಬಿಡಬಾರದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಲು ಶುರುಮಾಡಿದ ಔಟ್‌ಬೋರ್ಡ್ ಮೋಟಾರು ಲೋಕವೆಲ್ಲ ಹಬ್ಬಿತು. ಅದೇ ಎವಿನ್‌ರೂಡ್ ಹೆಸರಿನ ಮೋಟಾರುಗಳ ತಯಾರಿಕೆಯನ್ನು ಒಡೆತನದ ಕಂಪನಿ 2020ರ ಮೇನಲ್ಲಿ ನಿಲ್ಲಿಸಿತು. ಹೆಸರು ದೊಡ್ಡದೆಂಬ ಕಾರಣಕ್ಕೆ ಬಿಡಿಭಾಗ ಎಂದೆಂದಿಗೂ ಸಿಗುತ್ತದೆ ಎಂದು ಕೂರುವಂತಿಲ್ಲ.

ರಿಪೇರಿಯೋ ಬದಲಿಯೋ ಎಂಬ ಪ್ರಶ್ನೆಗೆ ನನ್ನ ಉತ್ತರ ತಿಂಗಳ ಮೇಲೆ ನಿಂತಿದೆ. ಮೇನಲ್ಲಿ ರಿಪೇರಿ, ಆಗಸ್ಟಿನಲ್ಲಿ ಬದಲಿ. ಲೋವರ್ ಯೂನಿಟ್ಟನ್ನು ಹಿಡಿದಿರುವುದು ಕೆಲವೇ ಬೋಲ್ಟುಗಳು ಮತ್ತು ಒಂದು ಗೇರ್ ಕಡ್ಡಿ. ಸರಿಹೊಂದುವ, ಎಣ್ಣೆ ತುಂಬಿದ, ಗಾಳಿ ಹಿಡಿಸಿ ನೋಡಿದ ಇನ್ನೊಂದು ಯೂನಿಟ್ ಸಿದ್ಧವಿದ್ದರೆ ಗಂಜಿಕೇಂದ್ರದ ಅಂಗಳದಲ್ಲೇ ಅದನ್ನು ಕೂರಿಸಿ ದೋಣಿಯನ್ನು ಮತ್ತೆ ನೀರಿಗಿಳಿಸಬಹುದು. ಕೆಟ್ಟದ್ದನ್ನು ನೀರಿಳಿದ ಮೇಲೆ ನಿಧಾನ ಬಿಚ್ಚಿದರಾಯಿತು. ಮಾಳಿಗೆಯ ಮೇಲೆ ಬಾಣಂತಿ, ಮುದುಕರು, ಕಟ್ಟಿಹಾಕಿದ ಎಮ್ಮೆ ಕಾಯುತ್ತಿರುವಾಗ ಯಾರೂ ಸೀಲ್‌ನ ತುಟಿ ಯಾವ ಕಡೆಗೆಂದು ನೋಡುತ್ತ ಕೂರಬಾರದು. ನಾಲ್ಕಾರು ಹಳ್ಳಿಗೆ ಒಂದೇ ಮಾದರಿಯ ಮೋಟಾರುಗಳು, ಅವಕ್ಕೆ ಒಂದು ಹೆಚ್ಚುವರಿ ಯೂನಿಟ್, ಇಂಪೆಲ್ಲರು, ಸೀಲ್, ಪಿನ್ನುಗಳ ಒಂದು ಡಬ್ಬಿ. ಹೊಸ ದೋಣಿ ಕೊಳ್ಳುವ ಮಾತಿಗಿಂತ ಮೊದಲು ಈ ಮಾತು ಆಗಬೇಕು.

ಪರೀಕ್ಷೆಗೆ ಜಾಗವೂ ಇದೆ. ಮಳೆಗಾಲಕ್ಕೆ ಮುಂಚೆ ಬಂಧಾರಗಳ ಹಲಗೆ ತೆಗೆಯುತ್ತಾರೆ. ಅದಕ್ಕೂ ಮೊದಲು, ಹಿಂದೆ ನಿಂತ ನೀರು ಇನ್ನೂ ಆಳವಿರುವಾಗ, ದೋಣಿ ಇಳಿಸಿ, ಜನ ಕೂರುವಷ್ಟು ಮರಳಿನ ಚೀಲ ಹೇರಿ, ಮುಂದಕ್ಕೆ ಹಿಂದಕ್ಕೆ ಗೇರ್ ಹಾಕಿ ಅರ್ಧ ಗಂಟೆ ಓಡಿಸಬೇಕು. ಎಂಜಿನ್ನಿನ ಪಕ್ಕದ ಸಣ್ಣ ತೂತಿನಿಂದ ನೀರಿನ ಧಾರೆ ತಪ್ಪದೆ ಬೀಳುತ್ತಿರಬೇಕು. ನಿಂತರೆ ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಹೊಳೆ ಬತ್ತಿದ್ದರೆ ನೀರು ತುಂಬಿದ ಪೀಪಾಯಿಯಲ್ಲಾದರೂ ಓಡಿಸಿ ನೋಡಬೇಕು, ಒಣಗಿದ್ದಾಗ ಮಾತ್ರ ಎಂದೂ ಬೇಡ. ನೀರಿಲ್ಲದೆ ಓಡಿದ ಇಂಪೆಲ್ಲರು ಸುಟ್ಟುಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ದಂಡೆಗೆ ತಂದ ಮೇಲೆ ಕೆಳಗಿನ ತಿರುಪನ್ನು ಇನ್ನೊಮ್ಮೆ ಸಡಿಲಿಸಿ ನಾಲ್ಕು ಹನಿ ಎಣ್ಣೆಯನ್ನು ಬೆಳ್ಳಗಿನ ಕಾಗದದ ಮೇಲೆ ಬಿಡಿ. ಬಣ್ಣ ಬದಲಾಗದಿದ್ದರೆ ಮುಚ್ಚಿ ಬಿಗಿದು, ತಾರೀಕು ಬರೆದ ಚೀಟಿಯನ್ನು ಮೋಟಾರಿಗೇ ಕಟ್ಟಿ, ಬಿಡಿಭಾಗದ ಡಬ್ಬಿಯನ್ನು ಅದರ ಪಕ್ಕದಲ್ಲೇ ಇಡಿ, ಬೇರೆ ಕೋಣೆಯ ಬೀಗದೊಳಗಲ್ಲ.